1842ರ ಫಿಲಿಪ್ಪಾ ವೇಷ: ಹದಿನಾಲ್ಕು ವಾರಗಳ ಹೊಲಿಗೆ ದಿನಚರಿ

ಪೂರ್ವ ಲಂಡನ್ನಿನಲ್ಲಿ ನಾನಿರುವ ಕಡೆ ಇತಿಹಾಸಾಸಕ್ತರ ಸಣ್ಣ ಗುಂಪೊಂದಿದೆ. ಮೇ 12ರ ಸಂಜೆ ಸ್ಪಿಟಲ್‌ಫೀಲ್ಡ್ಸ್‌ನ ರೇಷ್ಮೆ ನೇಕಾರರ ಬಗ್ಗೆ ಮಾತುಕತೆ ಇಟ್ಟುಕೊಂಡಿದ್ದೇವೆ, ಅದಕ್ಕೊಂದು ಉಡುಪು ಹೊಲಿದುಕೊಡು ಎಂದು ಕೇಳಿದರು. 1842ರ ಅದೇ ದಿನ ವಿಕ್ಟೋರಿಯಾ ರಾಣಿ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ವೇಷದ ನೃತ್ಯಕೂಟ ನಡೆಸಿದ್ದಳು. ಅವಳ ಗಂಡ ಆಲ್ಬರ್ಟ್ ಇಂಗ್ಲೆಂಡಿನ ಹಳೆಯ ರಾಜ ಮೂರನೆಯ ಎಡ್ವರ್ಡ್ ಆಗಿದ್ದ, ರಾಣಿ ಆ ಎಡ್ವರ್ಡನ ಹೆಂಡತಿ ಫಿಲಿಪ್ಪಾ ಆಗಿದ್ದಳು. ಆ ಫಿಲಿಪ್ಪಾ ವೇಷವನ್ನೇ ಹೊಲಿಯುವುದು ಎಂದು ತೀರ್ಮಾನಿಸಿದೆ. ತೊಡುವವರು ಗುಂಪಿನ ಹಿರಿಯ ಗೆಳತಿ. ಎತ್ತರ 5 ಅಡಿ 3 ಇಂಚು, ಎದೆ 38, ನಡು 32.

ಬ್ಲೌಸು, ಲಂಗ, ರಂಗದ ಉಡುಪು ಹೊಲಿದು ನನಗೆ ಇಪ್ಪತ್ತು ವರ್ಷಗಳ ಅಭ್ಯಾಸವಿದೆ. ಆದರೆ ಒಂದು ಕಾಲದವರು ಇನ್ನೊಂದು ಕಾಲವನ್ನು ಕಲ್ಪಿಸಿಕೊಂಡು ತೊಟ್ಟ ಬಟ್ಟೆಯನ್ನು ಹೊಲಿದದ್ದು ಇದೇ ಮೊದಲು. ತಪ್ಪಿದ್ದೆಲ್ಲ ಅಲ್ಲಿಯೇ, ಅದಕ್ಕೇ ಬರೆದಿಡುತ್ತಿದ್ದೇನೆ.

ಫೆಬ್ರವರಿ 3–11: ಮೊದಲ ಮಾದರಿ, ಪೂರ್ತಿ ವ್ಯರ್ಥ

ಫಿಲಿಪ್ಪಾ ಹದಿನಾಲ್ಕನೆಯ ಶತಮಾನದವಳು, 1369ರಲ್ಲಿ ತೀರಿಕೊಂಡವಳು. ವೆಸ್ಟ್‌ಮಿನ್‌ಸ್ಟರ್ ಅಬಿಯಲ್ಲಿ ಅವಳ ಸಮಾಧಿಯ ಮೇಲೆ ಮಲಗಿದ ಶಿಲ್ಪವಿದೆ. 1842ರಲ್ಲಿ ವೇಷಗಳ ಉಸ್ತುವಾರಿ ಹೊತ್ತಿದ್ದ ಜೇಮ್ಸ್ ರಾಬಿನ್‌ಸನ್ ಪ್ಲಾಂಷೆ ಹಳೆಯ ಉಡುಪುಗಳನ್ನು ಶಾಸ್ತ್ರೀಯವಾಗಿ ಅಭ್ಯಾಸ ಮಾಡಿದವನು. ರಾಣಿಯ ವೇಷಕ್ಕೂ ಆ ಸಮಾಧಿ ಶಿಲ್ಪವೇ ಆಧಾರ. ಹಾಗಾಗಿ ನಾನೂ ಅಲ್ಲಿಂದಲೇ ಶುರು ಮಾಡಿದೆ. ಮಾಂಜರಪಾಟಿನ ಬಟ್ಟೆಯಲ್ಲಿ ಹದಿನಾಲ್ಕನೆಯ ಶತಮಾನದ ಕತ್ತರಿಕೆ ಹಾಕಿದೆ. ಭುಜದಿಂದ ನೆಲದವರೆಗೆ ಒಂದೇ ಉದ್ದದ ತುಂಡುಗಳು, ಪಕ್ಕಕ್ಕೆ ತ್ರಿಕೋನದ ಕಲಿಗಳು, ನಡುವಿನಲ್ಲಿ ಜೋಡಣೆಯೇ ಇಲ್ಲ.

ಗೆಳತಿಗೆ ತೊಡಿಸಿ, ಕೂಟದ ವೇಷದಲ್ಲಿ ರಾಣಿ ಇರುವ, ಚಿತ್ರಕಾರ ಲ್ಯಾಂಡ್‌ಸೀರ್ ಬರೆದ ಚಿತ್ರದ ದೊಡ್ಡ ಪ್ರತಿಯನ್ನು ಪಕ್ಕಕ್ಕೆ ಹಿಡಿದೆ. ಯಾವ ಕಡೆಯಿಂದ ನೋಡಿದರೂ ಹೋಲಿಕೆ ಇಲ್ಲ. ಚಿತ್ರದಲ್ಲಿ ರಾಣಿಯ ನಡು ಬಿಗಿಯಾಗಿದೆ, ಭುಜಗಳು ಇಳಿಜಾರಾಗಿವೆ, ಲಂಗ ಗಂಟೆಯಂತೆ ಅರಳಿ ನಿಂತಿದೆ. ಅಂದರೆ ಒಳಗೆ ನಡು ಬಿಗಿಯುವ ಒಳಉಡುಪು, ಕಾರ್ಸೆಟ್ ಇದೆ, ಪೆಟಿಕೋಟುಗಳ ರಾಶಿ ಇದೆ. ಮೇಲಿನ ವಿವರಗಳೆಲ್ಲ ಫಿಲಿಪ್ಪಾಳವು, ಮೈಕಟ್ಟು ಮಾತ್ರ 1842ರ ಹೆಂಗಸಿನದು. ಇದು ಹೊಳೆಯುವಷ್ಟರಲ್ಲಿ ಎರಡು ವಾರಾಂತ್ಯ ಮತ್ತು 5 ಮೀಟರ್ ಬಟ್ಟೆ ಹೋಗಿತ್ತು.

ಇಂಥದ್ದನ್ನು ಹೊಲಿಯಹೊರಟವರಿಗೆ ನಾನು ಹೇಳುವುದು ಇಷ್ಟು: ವೇಷ ಯಾವ ಕಾಲದ್ದು ಎಂದು ಮೊದಲು ಕೇಳಬೇಡಿ, ತೊಟ್ಟವರು ಯಾವ ಕಾಲದವರು ಎಂದು ಕೇಳಿ. ಕತ್ತರಿ ಎರಡನೆಯ ಪ್ರಶ್ನೆಯ ಉತ್ತರದ ಹಿಂದೆ ಹೋಗಬೇಕು.

ಫೆಬ್ರವರಿ 17 – ಮಾರ್ಚ್ 2: ಕಾರ್ಸೆಟ್

ಒತ್ತಾದ ಹತ್ತಿಯ ಟ್ವಿಲ್ 1.5 ಮೀಟರ್, 15 ಪೌಂಡು. ಉಕ್ಕಿನ ಪಟ್ಟಿಗಳೂ ಮುಂಭಾಗದ ಬಸ್ಕ್ ಪಟ್ಟಿಯೂ ಸೇರಿ 22 ಪೌಂಡು. ಲಾಡಿ, ದಾರ 6 ಪೌಂಡು.

ಇಲ್ಲಿಯೂ ಒಂದು ತಪ್ಪು. ಮುಂದೆ ಕೊಕ್ಕೆಗಳಿಂದ ತೆರೆದುಕೊಳ್ಳುವ ಬಸ್ಕ್ ತರಿಸಿಬಿಟ್ಟಿದ್ದೆ. ಅದು ಬಳಕೆಗೆ ಬಂದದ್ದು 1840ರ ದಶಕ ಮುಗಿಯುವ ಹೊತ್ತಿಗೆ. 1842ರಲ್ಲಿ ಮುಂದೆ ಒಂದೇ ಅಖಂಡ ಪಟ್ಟಿ, ಬಿಚ್ಚುವುದು ಕಟ್ಟುವುದು ಎಲ್ಲ ಬೆನ್ನ ಹಿಂದೆ. ವಾಪಸು ಮಾಡಿ 13 ಇಂಚಿನ ಒಂಟಿ ಪಟ್ಟಿ ತರಿಸಿದೆ. ಬೆನ್ನಿಗೆ ಲೋಹದ ಐಲೆಟ್ ಹೊಡೆಯದೆ 26 ತೂತುಗಳನ್ನೂ ದಾರದಲ್ಲಿ ಕಾಜದ ಹಾಗೆ ಸುತ್ತಿ ಹೊಲಿದೆ. ಒಂದಕ್ಕೆ ಹನ್ನೆರಡು ನಿಮಿಷ. ನಾಲ್ಕನೆಯ ತೂತಿನ ಹೊತ್ತಿಗೆ ತೋರುಬೆರಳು ಸುಲಿದುಹೋಗಿತ್ತು. ಚರ್ಮದ ಅಂಗುಸ್ತಾನ ಹಾಕಿಕೊಂಡ ಮೇಲೆ ಕೆಲಸ ಸಲೀಸಾಯಿತು.

ನಡು 32ರಿಂದ 29.5ಕ್ಕೆ ಬಂತು. ಇನ್ನೂ ಬಿಗಿಯಲು ಜಾಗವಿತ್ತು. ಗೆಳತಿಗೆ ಅರವತ್ತು ದಾಟಿದೆ, ಎರಡು ಗಂಟೆ ನಿಂತು ಮಾತಾಡಬೇಕು. ಅಲ್ಲಿಗೇ ನಿಲ್ಲಿಸಿದೆ.

ಮಾರ್ಚ್ 3–16: ಲಂಗದ ಒಳಗಿನ ಕೆಲಸ

ಲಂಗ ಅರಳಬೇಕೆಂದು 32 ಪೌಂಡು ಕೊಟ್ಟು ಉಕ್ಕಿನ ಬಳೆಗಳ ಪಂಜರವೊಂದನ್ನು ಕೊಂಡೆ. ತಂದ ಮೇಲೆ ಗೊತ್ತಾಯಿತು, ಪಂಜರದ ಕ್ರಿನೊಲಿನ್‌ಗೆ ಪೇಟೆಂಟ್ ಸಿಕ್ಕಿದ್ದು 1856ರಲ್ಲಿ. ಹದಿನಾಲ್ಕು ವರ್ಷ ಮುಂದೆ ಓಡಿದ್ದೆ. ನೋಡುವವರಿಗೆ ತಿಳಿಯದು ಎಂದು ಒಂದು ದಿನ ಮನಸ್ಸು ಎಳೆಯಿತು. ತೊಡಿಸಿ ನೋಡಿದಾಗ ಲಂಗ ಚಿತ್ರದಲ್ಲಿರುವಂತೆ ಭಾರವಾಗಿ ಇಳಿಯದೆ, ನಡೆದಾಗಲೆಲ್ಲ ತೂಗಾಡಿತು. ಪಂಜರವನ್ನು ತೆಗೆದಿಟ್ಟೆ.

ಬದಲಿಗೆ ಹತ್ತಿಯಲ್ಲಿ ನಾಲ್ಕು ಪೆಟಿಕೋಟು ಹೊಲಿದೆ. ಮೊದಲನೆಯದಕ್ಕೆ ಅಂಚಿನಿಂದ ಮೇಲಕ್ಕೆ 14 ಸಾಲು ಹುರಿ ತೂರಿಸಿದೆ, ಉಳಿದ ಮೂರಕ್ಕೆ ಗಟ್ಟಿ ಗಂಜಿ. 12 ಮೀಟರ್ ಹತ್ತಿಗೆ 48 ಪೌಂಡು, ಹುರಿಗೆ 7. ಉದ್ದದ ಜೋಡಣೆಗಳನ್ನು ಯಂತ್ರದಲ್ಲಿ ಹೊಡೆದೆ, ಮುಚ್ಚಿಡುವುದಿಲ್ಲ. ಎಲಿಯಾಸ್ ಹೋವ್ ತನ್ನ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1846ರಲ್ಲಿ. ರಾಣಿಯ ಉಡುಪಿನ ಒಂದೊಂದು ಹೊಲಿಗೆಯೂ ಯಾರದೋ ಬೆರಳಿನದು. ಕಣ್ಣಿಗೆ ಬೀಳುವ ಭಾಗಗಳನ್ನಾದರೂ ಕೈಯಲ್ಲೇ ಹೊಲಿಯುವುದೆಂದು ಇಲ್ಲಿ ನಿಯಮ ಹಾಕಿಕೊಂಡೆ.

ಮಾರ್ಚ್ 17: ಬಟ್ಟೆ ಎಲ್ಲಿಂದ?

ಈ ಉಡುಪಿನಲ್ಲಿ ಅತಿ ಹೆಚ್ಚು ರಾಜಕೀಯ ಸೇರಿದ ತೀರ್ಮಾನ ಬಟ್ಟೆಯದು, ಹಾಗಾಗಿ ಅದಕ್ಕೊಂದು ಇಡೀ ದಿನ ಕೊಟ್ಟೆ.

ಅಂದಿನ ಪತ್ರಿಕೆಗಳ ವರ್ಣನೆಯಂತೆ ರಾಣಿ ತೊಟ್ಟದ್ದು ಗಸಗಸೆ ಹೂವಿನ ಕೆಂಪಿನ ವೆಲ್ವೆಟ್ ಲಂಗ, ಅದರ ಮೇಲೆ ನೀಲಿ ಮತ್ತು ಚಿನ್ನದ ಬ್ರೊಕೇಡಿನ ಸರ್ಕೋಟು (ಪಕ್ಕ ತೆರೆದ ಮೇಲುಡುಪು), ಅದಕ್ಕೆ ಮಿನಿವರ್ ಎಂಬ ಅಳಿಲಿನ ತುಪ್ಪಳ. ಬ್ರೊಕೇಡನ್ನು ನೇಯ್ದದ್ದು ಸ್ಪಿಟಲ್‌ಫೀಲ್ಡ್ಸ್‌ನಲ್ಲಿ. ಕೂಟದ ಸಮರ್ಥನೆಗೆ ಮುಂದಿಟ್ಟ ಕಾರಣವೇ ಅದು: ಕೆಲಸವಿಲ್ಲದ ನೇಕಾರರಿಗೆ ಕೆಲಸ ಸಿಗಲಿ. ಫ್ರಾನ್ಸಿನ ರೇಷ್ಮೆಯ ಮೇಲಿದ್ದ ನಿಷೇಧವನ್ನು 1826ರಲ್ಲಿ ತೆಗೆದ ಮೇಲೆ ಆ ಮಗ್ಗಗಳು ಕುಸಿಯುತ್ತ ಬಂದಿದ್ದವು. ಆ ನೇಕಾರರಲ್ಲಿ ಎಷ್ಟೋ ಮಂದಿ ಪ್ರಾಟೆಸ್ಟೆಂಟರಿಗೆ ಧರ್ಮದ ಸ್ವಾತಂತ್ರ್ಯ ಕೊಟ್ಟಿದ್ದ ನಾಂಟ್ ಶಾಸನ 1685ರಲ್ಲಿ ರದ್ದಾದಾಗ ಫ್ರಾನ್ಸಿನಿಂದ ಓಡಿಬಂದ ಹ್ಯೂಗೆನೊ ಪ್ರಾಟೆಸ್ಟೆಂಟರ ವಂಶದವರು.

ಫಿಲಿಪ್ಪಾಳನ್ನೇ ಆರಿಸಿದ್ದಕ್ಕೂ ಇದು ಹೊಂದುತ್ತದೆ. ಫ್ಲಾಂಡರ್ಸ್‌ನ ಪಕ್ಕದ ಎನೋ ನಾಡಿನ ಹುಡುಗಿ ಅವಳು. ಅವಳ ಗಂಡನ ಕಾಲದಲ್ಲಿಯೇ ಫ್ಲೆಮಿಶ್ ನೇಕಾರರು ಇಂಗ್ಲೆಂಡಿಗೆ ಬಂದರು, ಜನರ ನೆನಪಿನಲ್ಲಿ ಆ ಪುಣ್ಯ ಅವಳ ಹೆಸರಿಗೆ ಸೇರಿದೆ. 1347ರಲ್ಲಿ ಫ್ರಾನ್ಸಿನ ಕ್ಯಾಲೆ ಪಟ್ಟಣ ಶರಣಾದಾಗ ಅಲ್ಲಿನ ಆರು ಜನ ಹಿರಿಯರ ಪ್ರಾಣ ಉಳಿಸಲು ಗಂಡನ ಮುಂದೆ ಮಂಡಿಯೂರಿದ ರಾಣಿಯೂ ಅವಳೇ. ಆಲ್ಬರ್ಟನಿಗೂ ಈ ಜೋಡಿ ಒಪ್ಪುತ್ತಿತ್ತು. 1840ರಲ್ಲಿ ಅವನಿಗೆ ವರ್ಷಕ್ಕೆ 50,000 ಪೌಂಡು ಕೊಡಬೇಕೆಂಬ ಪ್ರಸ್ತಾಪವನ್ನು ಸಂಸತ್ತು 30,000ಕ್ಕೆ ಇಳಿಸಿತ್ತು. ಜರ್ಮನಿಯಿಂದ ಬಂದ ಆ ಅಳಿಯನನ್ನು ಗಾರ್ಟರ್ ಎಂಬ ನೈಟ್ ಪದವಿಯ ಸ್ಥಾಪಕನಾದ ಇಂಗ್ಲಿಷ್ ರಾಜನ ಪಾತ್ರದಲ್ಲಿ ನಿಲ್ಲಿಸುವುದು ಬುದ್ಧಿವಂತ ಆಯ್ಕೆ.

ನನ್ನ ಹತ್ತಿರ ರಾಣಿಯ ಖಜಾನೆಯಿಲ್ಲ. ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ಈಗ ಮಗ್ಗವೂ ಇಲ್ಲ. ಫೋರ್ನಿಯೆ ಬೀದಿಯಲ್ಲಿ ಅಟ್ಟದ ಅಗಲ ಕಿಟಕಿಗಳ ಮನೆಗಳು ಉಳಿದಿವೆ, ಮಗ್ಗಕ್ಕೆ ಬೆಳಕು ಬೀಳಲಿ ಎಂದು ಇಟ್ಟ ಕಿಟಕಿಗಳು. ಸಫೋಕ್‌ನ ಸಡ್ಬರಿಯಲ್ಲಿ ಇಂದಿಗೂ ರೇಷ್ಮೆ ನೇಯುತ್ತಾರೆ, ಆದರೆ ಅದರ ಬೆಲೆಯಲ್ಲಿ ಸರ್ಕೋಟಿಗೇ ನನ್ನ ಪೂರ್ತಿ ದುಡ್ಡು ಸಾಲದು. ಕೊನೆಗೆ ನೀಲಿ ನೆಲದ ಮೇಲೆ ಚಿನ್ನದ ಜರಿ ಹೂಗಳ ಬನಾರಸ್ ಬ್ರೊಕೇಡ್ 5 ಮೀಟರ್ ತೆಗೆದುಕೊಂಡೆ, ಮೀಟರಿಗೆ 22ರಂತೆ 110 ಪೌಂಡು. ರಾಣಿ 1851ರಲ್ಲಿ ನಡೆಸಿದ ಇನ್ನೊಂದು ವೇಷದ ಕೂಟಕ್ಕೆ ಫ್ರೆಂಚ್ ಚಿತ್ರಕಾರ ಯೂಜೀನ್ ಲಾಮಿ ರೂಪಿಸಿದ ರಾಣಿಯ ಉಡುಪಿನಲ್ಲಿ ಬನಾರಸಿನ ಬ್ರೊಕೇಡ್ ಇತ್ತು ಎಂಬುದು ನೆನಪಿದ್ದರಿಂದ ಕೈ ಹಿಂಜರಿಯಲಿಲ್ಲ. ಆದರೂ 1842ರ ಉಡುಪಿನ ಮಟ್ಟಿಗೆ ಇದು ರಾಜಿಯೇ. ಆವತ್ತಿನ ಬಟ್ಟೆಯ ಮಾತೆಲ್ಲ 'ಇಲ್ಲೇ ನೇಯ್ದದ್ದು' ಎಂಬುದರಲ್ಲಿತ್ತು.

ಬಣ್ಣದ ಬಗ್ಗೆ ಒಂದು ಮಾತು. ಅಂಗಡಿಯಲ್ಲಿ ಕಣ್ಣು ಕುಕ್ಕುವ ನೀಲಿಯೊಂದು ಅಗ್ಗಕ್ಕಿತ್ತು, ಬಿಟ್ಟೆ. ರಸಾಯನಶಾಸ್ತ್ರಜ್ಞ ಪರ್ಕಿನ್ 1856ರಲ್ಲಿ ಮಾವ್ ಎಂಬ ಕೃತಕ ನೇರಳೆ ಬಣ್ಣ ಕಂಡುಹಿಡಿದ ಮೇಲೆ ಬಂದ ಅಬ್ಬರದ ಬಣ್ಣಗಳ ಜಾತಿ ಅದು. ಬಂಗಾಳದ ನೀಲಿ ಹಡಗಿನಲ್ಲಿ ಲಂಡನ್ನಿಗೆ ಬರುತ್ತಿದ್ದ ಕಾಲಕ್ಕೆ ಒಪ್ಪುವ, ಸ್ವಲ್ಪ ಮಬ್ಬಾದ ಗಾಢ ನೀಲಿ ಆರಿಸಿದೆ.

ಮಾರ್ಚ್ 23 – ಏಪ್ರಿಲ್ 6: ವೆಲ್ವೆಟ್ ಲಂಗ, ದೊಡ್ಡ ನಷ್ಟ

ಹತ್ತಿಯ ವೆಲ್ವೆಟ್ 4.5 ಮೀಟರ್, ಮೀಟರಿಗೆ 14 ಪೌಂಡು. ಅಗಲ 44 ಇಂಚು. ಮೂರು ತುಂಡು ಜೋಡಿಸಿದರೆ ಅಂಚಿನ ಸುತ್ತಳತೆ 129 ಇಂಚು. ಮುಂದಿನ ಉದ್ದ 41, ಹಿಂದೆ 43.

ರಾತ್ರಿ ಹತ್ತು ಗಂಟೆಗೆ, ದೀಪದ ಬೆಳಕಿನಲ್ಲಿ ಕತ್ತರಿಸಿದೆ. ಮೂರನೆಯ ತುಂಡನ್ನು ತಲೆಕೆಳಗಾಗಿ ಇಟ್ಟಿದ್ದೆ. ವೆಲ್ವೆಟಿನ ರೋಮ ಒಂದೇ ದಿಕ್ಕಿಗೆ ಮಲಗಿರುತ್ತದೆ. ಮೇಲ್ಮುಖವಾದರೆ ಗಾಢ, ಕೆಳಮುಖವಾದರೆ ತಿಳಿ. ಬೆಳಗ್ಗೆ ಕಿಟಕಿಯ ಬಳಿ ಹಿಡಿದರೆ ಎರಡು ತುಂಡು ರಕ್ತಗೆಂಪು, ಒಂದು ಇಟ್ಟಿಗೆ ಬಣ್ಣ. ಇನ್ನೂ 1.5 ಮೀಟರ್ ಕೊಳ್ಳಬೇಕಾಯಿತು, 21 ಪೌಂಡು. ಅದೃಷ್ಟಕ್ಕೆ ಅದೇ ಥಾನಿನ ಬಟ್ಟೆ ಸಿಕ್ಕಿತು. ಈಗ ಪ್ರತಿ ತುಂಡಿನ ಹಿಂದೆ ಸೀಮೆಸುಣ್ಣದಲ್ಲಿ ಬಾಣದ ಗುರುತು ಹಾಕದೆ ಕತ್ತರಿ ಮುಟ್ಟುವುದಿಲ್ಲ.

ಇನ್ನೊಂದು ಗಾಯ ಇಸ್ತ್ರಿಯದು. ಜೋಡಣೆಯೊಂದನ್ನು ನೇರವಾಗಿ ಒತ್ತಿದೆ, ರೋಮ ಕುಗ್ಗಿ ಹೊಳೆಯುವ ಪಟ್ಟೆ ಎದ್ದಿತು. ವೆಲ್ವೆಟಿನ ತುಂಡೊಂದನ್ನು ಕೆಳಗಿಟ್ಟು, ರೋಮಕ್ಕೆ ರೋಮ ಎದುರಾಗಿಸಿ, ಹಿಂದಿನಿಂದ ಬರೀ ಹಬೆ ಕೊಡಬೇಕಿತ್ತು. ಹಬೆ ಹಿಡಿದು ಮೆತ್ತನೆಯ ಬ್ರಷ್ ಆಡಿಸಿ ಮುಕ್ಕಾಲು ಪಾಲು ಸರಿಪಡಿಸಿದೆ. ಉಳಿದ ಕಲೆ ಸರ್ಕೋಟಿನ ಕೆಳಗೆ ಅಡಗುವಂತೆ ಆ ತುಂಡನ್ನು ಎಡಪಕ್ಕಕ್ಕೆ ತಿರುಗಿಸಿದೆ.

ನಡುವಿಗೆ 129 ಇಂಚನ್ನು 30 ಇಂಚಿಗೆ ಇಳಿಸಬೇಕು. ಆ ಕಾಲದ ದರ್ಜಿಗಳಂತೆ ಗೇಜಿಂಗ್ ನೆರಿಗೆ ಹಿಡಿದೆ: ಮೇಲಂಚು ಮಡಚಿ, ಮೂರು ಸಾಲು ಒಂದೇ ಅಳತೆಯ ಉದ್ದ ಹೊಲಿಗೆ ಓಡಿಸಿ, ಮೂರೂ ದಾರ ಒಟ್ಟಿಗೆ ಎಳೆದರೆ ಬಟ್ಟೆ ಕೊಳವೆ ಕೊಳವೆಯಾಗಿ ನಿಲ್ಲುತ್ತದೆ. ಮೊದಲು 5 ಮಿಲಿಮೀಟರ್ ಹೊಲಿಗೆ ಹಾಕಿದೆ, ವೆಲ್ವೆಟ್ ದಪ್ಪವಾದ್ದರಿಂದ 38 ಇಂಚಿಗಿಂತ ಕೆಳಗೆ ಇಳಿಯಲಿಲ್ಲ. ಬಿಚ್ಚಿ 9 ಮಿಲಿಮೀಟರ್ ಹಾಕಿದ ಮೇಲೆ ಕೂತಿತು.

ಏಪ್ರಿಲ್ 10: ಲಿಲಿ ಹೂವಿನ ಚರ್ಚೆ

ಗುಂಪಿನವರೊಬ್ಬರು ಸರ್ಕೋಟಿನ ಎದೆಗೆ ಇಂಗ್ಲೆಂಡಿನ ಸಿಂಹಗಳ ಜೊತೆ ಫ್ರಾನ್ಸಿನ ಲಿಲಿ ಹೂಗಳನ್ನೂ ಕಸೂತಿ ಹಾಕು ಎಂದರು. ಫ್ರಾನ್ಸಿನ ಸಿಂಹಾಸನ ತನ್ನದು ಎಂದ ಮೂರನೆಯ ಎಡ್ವರ್ಡ್ 1340ರಲ್ಲಿ ಎರಡನ್ನೂ ತನ್ನ ಲಾಂಛನದಲ್ಲಿ ಸೇರಿಸಿದ್ದು ನಿಜ. ಇಂಗ್ಲೆಂಡಿನ ರಾಜರು ಆ ಲಿಲಿಗಳನ್ನು ಕೈಬಿಟ್ಟದ್ದು 1801ರಲ್ಲಿ ಮಾತ್ರ.

1842ರಲ್ಲಿ ಈ ವಿಷಯ ಎಷ್ಟು ಸೂಕ್ಷ್ಮವಾಗಿತ್ತು ಎಂಬುದಕ್ಕೆ ಒಂದು ಘಟನೆ ಇದೆ. ಕೂಟಕ್ಕೆ ಮುನ್ನ ಮಾಂಕ್ಟನ್ ಮಿಲ್ನ್ಸ್ ಎಂಬ ಸಂಸದ ಮಾರ್ನಿಂಗ್ ಕ್ರಾನಿಕಲ್ ಪತ್ರಿಕೆಗೆ ಒಂದು ಕಟ್ಟುಕಥೆ ಬರೆದ: ಕ್ರೆಸಿ ಯುದ್ಧದಲ್ಲಿ ಎಡ್ವರ್ಡನ ಕೈಯಲ್ಲಿ ಫ್ರೆಂಚರು ಸೋತದ್ದನ್ನು ನೆನಪಿಸುವ ಇಂಥ ಕೂಟಕ್ಕೆ ನಮ್ಮ ರಾಯಭಾರಿ ಹೋಗಬೇಕೇ ಎಂದು ಫ್ರಾನ್ಸಿನ ಸಂಸತ್ತಿನಲ್ಲಿ ಗದ್ದಲವಾಯಿತಂತೆ. ಚರ್ಚೆ ಪೂರ್ತಿ ಕಲ್ಪನೆ, ಆದರೆ ನಂಬಿದವರಲ್ಲಿ ಗೃಹಮಂತ್ರಿ ಸರ್ ಜೇಮ್ಸ್ ಗ್ರಹಾಮ್ ಕೂಡ ಇದ್ದ. ಒಂದು ನೃತ್ಯದ ಉಡುಪು ಎರಡು ದೇಶಗಳ ನಡುವೆ ಜಗಳ ಹಚ್ಚಬಲ್ಲದು ಎಂಬುದು ಆವತ್ತು ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ. ನಿಜವಾದ ಕೂಟದಲ್ಲಿ ಕೇಂಬ್ರಿಜ್‌ನ ಡಚೆಸ್ ಫ್ರಾನ್ಸಿನ ಹಳೆಯ ರಾಣಿ ಬ್ರಿಟನಿಯ ಆ್ಯನ್ ಆಗಿ, ಫ್ರೆಂಚ್ ಆಸ್ಥಾನದ ವೇಷದ ದೊಡ್ಡ ಗುಂಪಿನೊಂದಿಗೆ ಬಂದಳು. ಅತಿಥಿಯಾಗಿ ಬಂದ ಫ್ರಾನ್ಸ್, ಸೋತ ಫ್ರಾನ್ಸ್ ಅಲ್ಲ.

ಲ್ಯಾಂಡ್‌ಸೀರ್ ಚಿತ್ರವನ್ನು ಮತ್ತೆ ನೋಡಿ, ರಾಣಿಯ ಎದೆಯ ಮೇಲೆ ರತ್ನದ ಪಟ್ಟಿ ಮಾತ್ರ ಹಾಕುವುದೆಂದು ನಿರ್ಧರಿಸಿದೆ. ಕಸೂತಿಯ ಹತ್ತು ದಿನ ಉಳಿಯಿತು.

ಏಪ್ರಿಲ್ 12–27: ಸರ್ಕೋಟು, ತುಪ್ಪಳ

ಧಾರವಾಡದಲ್ಲಿ ಅಮ್ಮ ಗುಳೇದಗುಡ್ಡದ ಖಣದಲ್ಲಿ ಕುಪ್ಪಸ ಹೊಲಿಯುವಾಗ ಹೇಳುತ್ತಿದ್ದಳು, 'ಪನ್ನ ಸಣ್ಣದು, ಜೋಡು ಎಲ್ಲಿ ಬರತಾವ ಅಂತ ಮೊದಲ ಲೆಕ್ಕ ಹಾಕು'. ಸ್ಪಿಟಲ್‌ಫೀಲ್ಡ್ಸ್‌ನ ರೇಷ್ಮೆಯದೂ ಕಿರಿದಾದ ಪನ್ನವೇ (ಬಟ್ಟೆಯ ಅಗಲ), ಹೆಚ್ಚುಕಡಿಮೆ 20 ಇಂಚು. ನನ್ನ ಬನಾರಸ್ 44 ಇಂಚಿದೆ. ಹಾಗೇ ಬಳಸಿದ್ದರೆ ಜೋಡಣೆಗಳು ಇರಬೇಕಾದ ಕಡೆ ಇರುತ್ತಿರಲಿಲ್ಲ. ಉದ್ದಕ್ಕೆ ಸೀಳಿ 21 ಇಂಚಿನ ಪಟ್ಟಿಗಳನ್ನು ಮಾಡಿಕೊಂಡೆ. ಸೀಳಿದ ಅಂಚುಗಳಿಂದ ಜರಿ ಎಳೆಎಳೆಯಾಗಿ ಬಿಚ್ಚತೊಡಗಿತು, ಮೂರು ಗಂಟೆಯಲ್ಲಿ ಒಂದು ಕಡೆ ಅರ್ಧ ಇಂಚು ಹೋಗಿತ್ತು. ಕತ್ತರಿಸಿದ ತಕ್ಷಣ ಅಂಚು ಸುತ್ತಿ ಹೊಲಿಯಬೇಕು, ಮರುದಿನಕ್ಕೆ ಬಿಡಲೇಬಾರದು.

ಸರ್ಕೋಟಿನ ಪಕ್ಕಗಳು ತೆರೆದಿರುತ್ತವೆ, ಆ ದೊಡ್ಡ ತೆರಪಿನ ಅಂಚಿಗೆ ತುಪ್ಪಳ. ಕೃತಕ ತುಪ್ಪಳ 2 ಮೀಟರ್, 34 ಪೌಂಡು. ಮೊದಲ ಪಟ್ಟಿಯನ್ನು ಕತ್ತರಿಯಲ್ಲಿ ಕತ್ತರಿಸಿ ಹಾಳು ಮಾಡಿದೆ, ರೋಮವೂ ತುಂಡಾಗಿ ಅಂಚು ಬೋಳಾಯಿತು. ತಿರುಗಿಸಿಟ್ಟು, ಬ್ಲೇಡಿನಿಂದ ಹಿಂದಿನ ನೇಯ್ಗೆಯನ್ನಷ್ಟೇ ಸೀಳಿ, ಕೈಯಿಂದ ಬಿಡಿಸಬೇಕು. ನಿಜವಾದ ಮಿನಿವರ್ ಎಂದರೆ ಅಳಿಲಿನ ಹೊಟ್ಟೆಯ ಬಿಳಿ ಚರ್ಮ, ಸುತ್ತ ಬೂದು ಅಂಚು. ಅದನ್ನು ತೋರಿಸಲು ಬೂದು ಬಣ್ಣವನ್ನು ಒಣ ಬ್ರಷ್ಷಿನಲ್ಲಿ ಎರಡು ಇಂಚಿಗೊಮ್ಮೆ ಸವರಿದೆ. ಇದು ನನಗೆ ಬಹಳ ತೃಪ್ತಿ ಕೊಟ್ಟ ಭಾಗ.

ಮೇ 4: ಪೂರ್ತಿ ತೊಡಿಸಿ ನೋಡಿದ್ದು

ತೂಕ 6.8 ಕಿಲೋ. ಅರ್ಧ ಗಂಟೆಯಲ್ಲಿ ಸರ್ಕೋಟು ಹಿಂದಕ್ಕೆ ಜಾರಿ ಗೆಳತಿಯ ಕೊರಳನ್ನು ಒತ್ತತೊಡಗಿತು. ಒಳಗೆ ನಡುವಿಗೆ ಒಂದು ಗಟ್ಟಿ ಪಟ್ಟಿ ಹೊಲಿದು, ಭಾರವನ್ನು ಭುಜದಿಂದ ಕಾರ್ಸೆಟ್ಟಿನ ಮೇಲೆ ವರ್ಗಾಯಿಸಿದೆ. ತೋಳು ಭುಜಕ್ಕಿಂತ ಮೇಲೆ ಏಳುವುದಿಲ್ಲ, ಅದು 1842ರ ಕತ್ತರಿಕೆಯ ಗುಣ, ಸರಿಪಡಿಸುವಂಥದ್ದಲ್ಲ. ಹಾಗಾಗಿ ಕಿರೀಟವನ್ನು ಬೇರೊಬ್ಬರೇ ಇಡಬೇಕು.

ಕಿರೀಟದ ಕಲ್ಲುಗಳು ಬಿಸಿ ಅಂಟಿನಲ್ಲಿ ನಿಲ್ಲಲಿಲ್ಲ, ಹನ್ನೊಂದು ಉದುರಿದವು. ತಂತಿಯಲ್ಲಿ ಕಟ್ಟಿದೆ. ಎದೆಯ ಪಟ್ಟಿಗೂ ಸೇರಿ ಗಾಜಿನ ಕಲ್ಲುಗಳಿಗೆ 19 ಪೌಂಡು. ರಾಣಿ ಎದೆಯ ಮೇಲೆ ಧರಿಸಿದ್ದ ರತ್ನಗಳ ಬೆಲೆ 60,000 ಪೌಂಡು ಎಂದು ಆಗಿನ ವರದಿಗಳು ಹೇಳುತ್ತವೆ.

ಆ ಅಂಕಿ ನನ್ನನ್ನು ಬಿಡಲಿಲ್ಲ. ಕೂಟಕ್ಕೆ ಬರೀ ಹತ್ತು ದಿನ ಮೊದಲು, 1842ರ ಮೇ 2ರಂದು, ದುಡಿಯುವ ಗಂಡಸರಿಗೂ ಮತದ ಹಕ್ಕು ಕೇಳುತ್ತಿದ್ದ ಚಾರ್ಟಿಸ್ಟರು ಸಂಸತ್ತಿಗೆ ಮನವಿ ಹೊತ್ತು ತಂದರು. 33 ಲಕ್ಷಕ್ಕೂ ಹೆಚ್ಚು ಸಹಿ. ಸುರುಳಿ ಎಷ್ಟು ದೊಡ್ಡದೆಂದರೆ ಬಾಗಿಲಲ್ಲಿ ಹಿಡಿಸಲಿಲ್ಲ. ರಾಣಿಗೆ ದಿನಕ್ಕೆ 164 ಪೌಂಡು 17 ಷಿಲಿಂಗು 10 ಪೆನ್ನಿ ಸಿಗುತ್ತದೆ, ಸಾವಿರಾರು ಕೂಲಿ ಕುಟುಂಬಗಳಲ್ಲಿ ತಲೆಗೆ ದಿನಕ್ಕೆ ಮೂರು ಮುಕ್ಕಾಲು ಪೆನ್ನಿ ಎಂದು ಅದರಲ್ಲೇ ಬರೆದಿತ್ತು. ಮರುದಿನ 287ಕ್ಕೆ 49 ಮತಗಳಿಂದ ಅದನ್ನು ತಳ್ಳಿಹಾಕಿದರು. ಈ ಉಡುಪನ್ನು ತೋರಿಸಿ ಆ ಸುರುಳಿಯ ಮಾತೆತ್ತದಿರುವುದು ಸರಿಯಲ್ಲ ಎನ್ನಿಸಿತು. ಸರ್ಕೋಟಿನ ಅಸ್ತರಿನ ಒಳಮಗ್ಗುಲಲ್ಲಿ, ಹಸ್ತದಷ್ಟು ಬಟ್ಟೆಯ ಮೇಲೆ, ಆ ಎರಡು ಮೊತ್ತಗಳನ್ನೂ ಕಪ್ಪು ದಾರದಲ್ಲಿ ಹೊಲಿದೆ. ರಾಣಿಯ ಉಡುಪಿನಲ್ಲಿ ಇಲ್ಲದ, ನಾನಾಗಿ ಸೇರಿಸಿದ ಭಾಗ ಇದೊಂದೇ.

ಮೇ 12

ತೊಡಿಸಲು 50 ನಿಮಿಷ, ಇಬ್ಬರು ಬೇಕಾಯಿತು. ಬೆನ್ನಿನ 14 ಕೊಕ್ಕೆಗಳಲ್ಲಿ ಕೆಳಗಿನದೊಂದು ಕಿತ್ತುಬಂತು, ಪಿನ್ನು ಹಾಕಿದೆವು. ಉಳಿದದ್ದೆಲ್ಲ ಎರಡು ಗಂಟೆ ನಿಂತಿತು. ಮಾತಿನ ಕೊನೆಗೆ ಗೆಳತಿ ಸರ್ಕೋಟಿನ ಅಂಚು ತಿರುಗಿಸಿ ಅಸ್ತರು ತೋರಿಸಿದಾಗ ಮುಂದಿನ ಸಾಲಿನವರು ಎದ್ದು ಬಂದು ಓದಿದರು. ಸ್ಪಿಟಲ್‌ಫೀಲ್ಡ್ಸ್‌ಗೆ ಇದರಿಂದ ಆಮೇಲೆ ಏನಾಯಿತು ಎಂದು ಒಬ್ಬರು ಕೇಳಿದರು. ಫ್ರಾನ್ಸಿನ ಜೊತೆಗಿನ 1860ರ ಒಪ್ಪಂದದಲ್ಲಿ ಫ್ರೆಂಚ್ ರೇಷ್ಮೆಯ ಮೇಲಿನ ಸುಂಕವೂ ಹೋಯಿತು, ಮಗ್ಗಗಳು ಒಂದೊಂದಾಗಿ ನಿಲ್ಲುತ್ತ ಹೋದವು ಎಂದೆ.

ಲೆಕ್ಕ

ಮಾಂಜರಪಾಟು 30, ಕಾರ್ಸೆಟ್ 43, ಪೆಟಿಕೋಟು 55, ವೆಲ್ವೆಟ್ 84, ಬ್ರೊಕೇಡ್ 110, ತುಪ್ಪಳ 34, ಅಸ್ತರು 36, ಕಲ್ಲು ಮತ್ತು ಕಿರೀಟ 19, ದಾರ ಸೂಜಿ ಕೊಕ್ಕೆ 17. ಒಟ್ಟು 428 ಪೌಂಡು. ಬಳಸದ ಪಂಜರದ 32 ಸೇರಿದರೆ 460. ಸಮಯ 171 ಗಂಟೆ, ಅದರಲ್ಲಿ ಬಿಚ್ಚಿ ಮತ್ತೆ ಹೊಲಿದದ್ದೇ 40ರ ಹತ್ತಿರ.

ರಾಣಿ ಸರ್ಕೋಟಿನ ಮೇಲೆ ಹೊದ್ದಿದ್ದ ಚಿನ್ನ ಬೆಳ್ಳಿ ಬ್ರೊಕೇಡಿನ ನಿಲುವಂಗಿ ನನ್ನಿಂದ ಆಗಲಿಲ್ಲ, ದುಡ್ಡೂ ದಿನವೂ ಮುಗಿದಿದ್ದವು. ಕಾಗದದ ಮಾದರಿ ಮಾತ್ರ ಸಿದ್ಧವಿದೆ: ಉದ್ದ 70 ಇಂಚು, 21 ಇಂಚಿನ ನಾಲ್ಕು ಪಟ್ಟಿ. ಈ ವಾರ ಕಿತ್ತುಹೋದ ಕೊಕ್ಕೆ ಹೊಲಿಯಬೇಕು, ವೆಲ್ವೆಟ್ ಅಂಚಿನ ಧೂಳು ತೆಗೆದು ಮಡಚದೆ ನೇತುಹಾಕಬೇಕು.